ಬಿಟ್ಟು ಹೋಗಲಾರದವರ ಕಡೆ ನಿಂತು ಲೆಕ್ಕ ಹಾಕಿ



ನೀವು ಓದು ಮುಗಿಸಿ ಕೆಲಸಕ್ಕೆ ಸೇರುತ್ತಿರುವ ಈ ಕಾಲದಲ್ಲಿ ನಮ್ಮ ದೇಶ ಒಂದರ ಹಿಂದೊಂದು ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುತ್ತಿದೆ. 2022ರಲ್ಲಿ ಯುಎಇ ಮತ್ತು ಆಸ್ಟ್ರೇಲಿಯಾ, 2024ರಲ್ಲಿ ಸ್ವಿಟ್ಜರ್ಲೆಂಡ್, ನಾರ್ವೆ ಸೇರಿದ ನಾಲ್ಕು ದೇಶಗಳ ಕೂಟ, 2025ರಲ್ಲಿ ಬ್ರಿಟನ್. ಸಹಿ ಬಿದ್ದ ಮಾರನೆಯ ದಿನ ಪತ್ರಿಕೆಯಲ್ಲಿ ಎರಡು ಹೇಳಿಕೆಗಳು ತಪ್ಪದೆ ಬರುತ್ತವೆ. ರೈತನಿಗೆ ಜಗತ್ತಿನ ಮಾರುಕಟ್ಟೆ ತೆರೆಯಿತು ಎಂದು ಒಂದು, ರೈತ ಮುಳುಗಿದ ಎಂದು ಇನ್ನೊಂದು. ಯಾವುದು ನಿಜ ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದೀರಿ. ಅಡಿಕೆ, ಮೆಣಸು ಬೆಳೆದು, ಊರ ಸೊಸೈಟಿಯ ಆಡಳಿತ ಮಂಡಳಿಯಲ್ಲಿ ಕೂತು, ಧಾರಣೆ ಏರಿಳಿಯುವುದನ್ನು ಬಹಳ ಕಾಲ ನೋಡಿದವನಾಗಿ ಹೇಳುತ್ತೇನೆ. ಆ ಎರಡು ಹೇಳಿಕೆಗಳಲ್ಲಿ ಬರುವ ರೈತ ಒಬ್ಬನೇ ಅಲ್ಲ. ಅವನು ಎಲ್ಲಿಯವನು, ಎಷ್ಟು ಎಕರೆಯವನು, ಸ್ವಂತ ಹೊಲದವನೋ ಗೇಣಿಯವನೋ ಕೂಲಿಯವನೋ ಎಂದು ಕೇಳದೆ ಯಾವ ಒಪ್ಪಂದವನ್ನೂ ಹೊಗಳಬೇಡಿ, ತೆಗಳಲೂ ಬೇಡಿ.

ನನ್ನ ಕಿವಿಮಾತು ಒಂದೇ. ಯಾವ ಒಪ್ಪಂದ ಬರಲಿ, ಯಾವ ಬಂಡವಾಳ ಬರಲಿ, ಲೆಕ್ಕ ಕೆಟ್ಟ ದಿನ ಎದ್ದು ಹೋಗಬಲ್ಲವರು ಯಾರು, ಹೋಗಲಾರದೆ ಅಲ್ಲೇ ಉಳಿಯುವವರು ಯಾರು ಎಂದು ಮೊದಲು ಕೇಳಿ. ಲಾಭ ಬಹುಮಟ್ಟಿಗೆ ಮೊದಲನೆಯವರ ಪಾಲಾಗುತ್ತದೆ, ನಷ್ಟ ಎರಡನೆಯವರ ಮೇಲೆ ಬೀಳುತ್ತದೆ. ಇದನ್ನು ದೂರದ ಒಂದು ದೇಶದಿಂದಲೇ ಶುರುಮಾಡುತ್ತೇನೆ. ಏಕೆಂದರೆ ಅಲ್ಲಿ ಜಮೀನು ಹಿಡಿದ ವಿದೇಶಿ ಕಂಪನಿ ನಮ್ಮ ಬೆಂಗಳೂರಿನದು.

2007-08ರಲ್ಲಿ ಜಗತ್ತಿನಾದ್ಯಂತ ಅಕ್ಕಿ, ಗೋಧಿ ಬೆಲೆ ಒಮ್ಮೆಲೇ ಏರಿತು. ಭಾರತವೂ ಸೇರಿ ಹಲವು ದೇಶಗಳು ಧಾನ್ಯದ ರಫ್ತಿಗೆ ತಡೆ ಹಾಕಿದವು. ಹಣವಿದ್ದರೂ ಧಾನ್ಯ ಸಿಗದೇ ಹೋದೀತೆಂಬ ಭಯ ಕೊಲ್ಲಿ ದೇಶಗಳನ್ನು ಹಿಡಿಯಿತು. ಅಂತರ್ಜಲ ಬತ್ತುತ್ತಿದ್ದ ಸೌದಿ ಅರೇಬಿಯಾ ತನ್ನ ನೆಲದಲ್ಲಿ ಗೋಧಿ ಬೆಳೆಯುವುದನ್ನೇ ಹಂತಹಂತವಾಗಿ ನಿಲ್ಲಿಸಲು 2008ರಲ್ಲಿ ತೀರ್ಮಾನಿಸಿತು. ಅಲ್ಲಿನ ಬಂಡವಾಳ ಬೇರೆಯವರ ನೆಲ, ಬೇರೆಯವರ ನೀರು ಹುಡುಕಿಕೊಂಡು ಹೊರಟಿತು. ಅದೇ ಹೊತ್ತಿಗೆ ಷೇರುಪೇಟೆಗಳು ಕುಸಿದಿದ್ದರಿಂದ ಹಣ ಹೂಡುವವರ ಕಣ್ಣಿಗೂ ಕೃಷಿಭೂಮಿ ಭದ್ರವಾಗಿ ಕಂಡಿತು. ವಿಶ್ವ ಬ್ಯಾಂಕಿನ ವರದಿಯ ಪ್ರಕಾರ 2009 ಮುಗಿಯುವ ಮೊದಲೇ 5.6 ಕೋಟಿ ಹೆಕ್ಟೇರ್ ಜಮೀನಿನ ವ್ಯವಹಾರಗಳು ಘೋಷಣೆಯಾಗಿದ್ದವು. ಅದರಲ್ಲಿ ಶೇ 70ಕ್ಕೂ ಹೆಚ್ಚು ಪಾಲು ಆಫ್ರಿಕಾದ್ದು.

ನಾನು ಹೇಳಹೊರಟ ದೇಶ ಇಥಿಯೋಪಿಯಾ. ಅಲ್ಲಿ ನೆಲವೆಲ್ಲ ಸರ್ಕಾರದ್ದು, ಉಳುವವನಿಗೆ ಇರುವುದು ಬಳಸುವ ಹಕ್ಕು ಮಾತ್ರ. ಆ ದೇಶದ ಪಶ್ಚಿಮದಲ್ಲಿ, ಬಾರೊ ನದಿ ಹರಿಯುವ ಗಂಬೆಲ್ಲಾ ಪ್ರಾಂತ್ಯದಲ್ಲಿ, ಗುಲಾಬಿ ಬೆಳೆದು ರಫ್ತು ಮಾಡಿ ಹೆಸರಾಗಿದ್ದ ಬೆಂಗಳೂರಿನ ಕರುಟೂರಿ ಗ್ಲೋಬಲ್ ಕಂಪನಿಗೆ 1 ಲಕ್ಷ ಹೆಕ್ಟೇರ್ ಗೇಣಿಗೆ ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಲಕ್ಷ ಎಕರೆ. ಅವಧಿ 50 ವರ್ಷ. ಗೇಣಿ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಅಂದರೆ ಆಗಿನ ವಿನಿಮಯ ದರದಲ್ಲಿ ನೂರು ರೂಪಾಯಿಗೂ ಕಡಿಮೆ. ಮೆಕ್ಕೆಜೋಳ, ಭತ್ತ, ಕಬ್ಬು, ತಾಳೆ ಬೆಳೆಯುತ್ತೇವೆ, ಉದ್ಯೋಗ ಕೊಡುತ್ತೇವೆ, ಹಸಿದ ದೇಶಕ್ಕೆ ಅನ್ನ ಬೆಳೆದುಕೊಡುತ್ತೇವೆ ಎಂಬ ಮಾತುಗಳು ಕೇಳಿಬಂದವು. ಕನ್ನಡ ನೆಲದ ಉದ್ಯಮವೊಂದು ಜಗತ್ತಿನ ದೊಡ್ಡ ಜಮೀನ್ದಾರರಲ್ಲಿ ಒಂದಾಯಿತೆಂದು ನಮ್ಮಲ್ಲಿ ಹೆಮ್ಮೆಪಟ್ಟವರೂ ಇದ್ದರು.

ಸರ್ಕಾರದ ಕಡತದಲ್ಲಿ ಅದು ಖಾಲಿ ಜಮೀನು. ಆದರೆ ಆ ಸೀಮೆಯಲ್ಲಿ ಅನುವಾಕ್ ಜನ ನದಿ ದಂಡೆಯಲ್ಲಿ, ಕಾಡಂಚಿನಲ್ಲಿ ಜಾಗ ಬದಲಿಸುತ್ತ ಬೆಳೆ ತೆಗೆಯುತ್ತಿದ್ದರು, ಮೀನು ಹಿಡಿಯುತ್ತಿದ್ದರು, ಕಾಡಿನಿಂದ ಹಣ್ಣು, ಬೇರು, ಜೇನು ತರುತ್ತಿದ್ದರು. ನುಯೆರ್ ಜನ ದನ ಮೇಯಿಸುತ್ತಿದ್ದರು. ಇವರ ಕೈಯಲ್ಲಿ ಪಹಣಿ ಇರಲಿಲ್ಲ. ಅದೇ ಸಮಯದಲ್ಲಿ ಗಂಬೆಲ್ಲಾದ ಸುಮಾರು 70,000 ಜನರನ್ನು ಹೊಸ ಹಳ್ಳಿಗಳಿಗೆ ಸಾಗಿಸುವ ಯೋಜನೆಯನ್ನು ಸರ್ಕಾರ ಕೈಗೊಂಡಿತ್ತು. ಶಾಲೆ, ಆಸ್ಪತ್ರೆ, ನೀರು ಕೊಡಲು ಇದೆಲ್ಲ, ಜನ ಒಪ್ಪಿಯೇ ಹೋಗುತ್ತಿದ್ದಾರೆ ಎಂದು ಸರ್ಕಾರ ಹೇಳಿತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2012ರ ಜನವರಿಯಲ್ಲಿ ಹೊರತಂದ ವರದಿಯಲ್ಲಿ ಜನ ಬೇರೆಯೇ ಹೇಳಿದ್ದರು. ಬೆದರಿಸಿ ಎಬ್ಬಿಸಿದರು, ಹೋದ ಕಡೆ ಹೇಳಿದ ಸೌಲಭ್ಯಗಳಿರಲಿಲ್ಲ ಎಂಬುದು ಅವರ ಮಾತು. ಈ ಸಾಗಣೆಗೂ ಹೂಡಿಕೆದಾರರಿಗೆ ಕೊಟ್ಟ ಜಮೀನಿಗೂ ಸಂಬಂಧವಿಲ್ಲವೆಂದು ಸರ್ಕಾರ ವಾದಿಸಿತು. 2013ರ ಫೆಬ್ರುವರಿಯಲ್ಲಿ ಇಥಿಯೋಪಿಯಾದ ಹೋರಾಟಗಾರರು ದೆಹಲಿಗೇ ಬಂದು, ನಿಮ್ಮ ಕಂಪನಿಗಳಿಂದ ನಮ್ಮವರು ನೆಲೆ ತಪ್ಪುತ್ತಿದ್ದಾರೆ ಎಂದು ಭಾರತೀಯರೆದುರು ಹೇಳಿಕೊಂಡರು.

ಮುಂದೇನಾಯಿತು? ನದಿ ಬಯಲಿನ ಸ್ವಭಾವ ಅಲ್ಲಿನ ಮೀನುಗಾರನಿಗೆ ತಿಳಿದಿತ್ತು, ಯೋಜನೆ ಬರೆದವರಿಗೆ ತಿಳಿದಿರಲಿಲ್ಲ. 2011ರ ಮಳೆಗಾಲದಲ್ಲಿ ಬಾರೊ ಉಕ್ಕಿ, ಕಟ್ಟಿದ ಒಡ್ಡುಗಳನ್ನು ಮೀರಿ, ಮೆಕ್ಕೆಜೋಳವನ್ನು ಕೊಚ್ಚಿಕೊಂಡು ಹೋಯಿತು. ಕಂಪನಿ ಸಾಲದಲ್ಲಿ ಸಿಕ್ಕಿತು. 2015ರ ಕೊನೆಯಲ್ಲಿ, ಕೊಟ್ಟ ಜಮೀನಿನ ಅಲ್ಪಭಾಗವನ್ನಷ್ಟೇ ಸಾಗುವಳಿ ಮಾಡಿದ್ದೀರಿ ಎಂಬ ಕಾರಣ ಕೊಟ್ಟು ಇಥಿಯೋಪಿಯಾ ಸರ್ಕಾರ ಗೇಣಿ ಒಪ್ಪಂದವನ್ನು ರದ್ದುಮಾಡಿತು. ಇದು ಒಂದು ಕಂಪನಿಯ ಹಣೆಬರಹ ಎಂದುಕೊಳ್ಳಬೇಡಿ. ಆಗ ಘೋಷಣೆಯಾದ ಜಮೀನು ವ್ಯವಹಾರಗಳಲ್ಲಿ ನಿಜವಾಗಿ ಬೇಸಾಯ ಶುರುವಾಗಿದ್ದು ಐದರಲ್ಲಿ ಒಂದು ಪಾಲಿನಲ್ಲಿ ಮಾತ್ರ ಎಂದು ವಿಶ್ವ ಬ್ಯಾಂಕಿನ ಅದೇ ವರದಿ ಹೇಳುತ್ತದೆ.

ಈ ಕಥೆಯಲ್ಲಿ ಕಂಪನಿಯೂ ಸೋತಿತು, ನಿಜ. ಆದರೆ ಸೋಲುಗಳಲ್ಲಿ ವ್ಯತ್ಯಾಸವಿದೆ. ಷೇರುದಾರನಿಗೆ ಹೋದದ್ದು ಹೂಡಿದ ಹಣ, ಅವನು ನಾಳೆ ಇನ್ನೊಂದು ಷೇರು ಕೊಳ್ಳಬಹುದು. ಅನುವಾಕ್ ಹೆಂಗಸಿಗೆ ಹೋದದ್ದು ನೀರಿನ ದಾರಿ, ಬರಗಾಲದಲ್ಲಿ ಕೈಹಿಡಿಯುತ್ತಿದ್ದ ಕಾಡು. ಇನ್ನೊಂದನ್ನು ಆಕೆ ಎಲ್ಲಿಂದ ತರಬೇಕು? ನಮ್ಮ ಗೋಮಾಳ, ಕುಮ್ಕಿ, ಬಾಣೆ, ಕಾನು, ಸೊಪ್ಪಿನಬೆಟ್ಟಗಳನ್ನು ನೆನಪಿಸಿಕೊಳ್ಳಿ. ಕಾಗದದ ಮೇಲೆ ಸರ್ಕಾರದ್ದಾಗಿದ್ದೂ ಊರಿನ ಬದುಕನ್ನು ಹೊತ್ತಿರುವ ನೆಲ ಅವು. ಬೆಂಗಳೂರಿನ ಕಚೇರಿಯಲ್ಲಿ ಕೂತು ನಕ್ಷೆಯ ಮೇಲೆ ಖಾಲಿ ಜಾಗ ಗುರುತಿಸುವ ಕೆಲಸ ನಿಮಗೆ ನಾಳೆ ಬರಬಹುದು. ಆಗ ಅಲ್ಲಿ ಯಾರ ದನ ಮೇಯುತ್ತದೆ, ಯಾರು ಸೌದೆ, ಸೊಪ್ಪು ತರುತ್ತಾರೆ ಎಂದು ಹೋಗಿ ನೋಡಿ ಬಂದ ಮೇಲೆ ಗುರುತು ಹಾಕಿ. ನಮ್ಮ ಊರಿಗೆ ವಿದೇಶಿ ಬಂದು ಹೀಗೆ ಮಾಡಿದರೆ ನಾವು ಸಹಿಸುವುದಿಲ್ಲ ಎಂದಾದರೆ, ಇನ್ನೊಬ್ಬರ ಊರಿನಲ್ಲಿ ನಮ್ಮವರು ಮಾಡಿದಾಗ ಹೆಮ್ಮೆಪಡುವ ಹಕ್ಕು ನಮಗಿಲ್ಲ.

ಮಡಗಾಸ್ಕರ್‌ನಲ್ಲಿ ಜನ ಸುಮ್ಮನಿರಲಿಲ್ಲ. ದಕ್ಷಿಣ ಕೊರಿಯಾದ ಡೇವೂ ಲಾಜಿಸ್ಟಿಕ್ಸ್ ಕಂಪನಿಗೆ 13 ಲಕ್ಷ ಹೆಕ್ಟೇರ್ ಜಮೀನನ್ನು 99 ವರ್ಷಕ್ಕೆ ಕೊಡುವ ಮಾತುಕತೆ 2008ರ ನವೆಂಬರ್‌ನಲ್ಲಿ ಹೊರಬಿತ್ತು. ಅದು ಆ ದೇಶದ ಉಳುಮೆಯ ನೆಲದ ಸುಮಾರು ಅರ್ಧ. ಪೂರ್ವಜರನ್ನು ಹೂಳಿದ ಮಣ್ಣನ್ನೇ ಪವಿತ್ರವೆಂದು ನಂಬಿದ ಜನ ಕೆರಳಿದರು. ಬೇರೆ ಕಾರಣಗಳೂ ಕೂಡಿ 2009ರ ಮಾರ್ಚ್‌ನಲ್ಲಿ ಅಧ್ಯಕ್ಷ ಮಾರ್ಕ್ ರವಲೊಮನಾನ ಅಧಿಕಾರ ಕಳೆದುಕೊಂಡರು. ಅವರ ಜಾಗಕ್ಕೆ ಬಂದ ಆಂಡ್ರಿ ರಜೊಲಿನ ಆ ವ್ಯವಹಾರವನ್ನು ರದ್ದುಮಾಡಿದರು. ಜನರನ್ನು ಕೇಳದೆ ನೆಲದ ಮಾತು ಮುಗಿಸಹೊರಟರೆ ಆಳುವವರಿಗೂ ನಿಲ್ಲಲು ನೆಲವಿರುವುದಿಲ್ಲ.

ಇಲ್ಲಿ ಕಾನೂನು ಓದುವ ಮಕ್ಕಳು ಗಮನಿಸಬೇಕಾದ ಒಂದು ಸಂಗತಿಯಿದೆ. ವಿದೇಶಿ ಹೂಡಿಕೆದಾರನ ಹಕ್ಕನ್ನು ದೇಶದೇಶಗಳ ನಡುವಿನ ಹೂಡಿಕೆ ಒಪ್ಪಂದಗಳು ಕಾಯುತ್ತವೆ. ಅನ್ಯಾಯವಾಯಿತೆಂದು ತೋರಿದರೆ ಅವನು ಒಂದು ಸರ್ಕಾರವನ್ನೇ ಅಂತರರಾಷ್ಟ್ರೀಯ ಪಂಚಾಯಿತಿಗೆ ಎಳೆಯಬಹುದು, ಕೋಟಿಗಟ್ಟಲೆ ಪರಿಹಾರ ಕೇಳಬಹುದು. ಭಾರತವೇ 2011ರಲ್ಲಿ ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಕಂಪನಿಯ ಎದುರು ಅಂಥ ಪ್ರಕರಣದಲ್ಲಿ ಸೋತಿತು. ಆಮೇಲೆ ಎಚ್ಚೆತ್ತು, ಹಳೆಯ ಹೂಡಿಕೆ ಒಪ್ಪಂದಗಳಲ್ಲಿ ಹೆಚ್ಚಿನವನ್ನು ಕೊನೆಗಾಣಿಸಿ, ಮೊದಲು ಇಲ್ಲಿನ ನ್ಯಾಯಾಲಯಕ್ಕೆ ಹೋಗಬೇಕು ಎಂಬ ಹೊಸ ಮಾದರಿಯನ್ನು ರೂಪಿಸಿತು. ಆದರೆ ಆ ಹೂಡಿಕೆಗಾಗಿ ನೆಲ ಬಿಟ್ಟವನ ಹಕ್ಕು ಎಲ್ಲಿ ಬರೆದಿದೆ? 2012ರ ಮೇ ತಿಂಗಳಲ್ಲಿ ವಿಶ್ವ ಆಹಾರ ಭದ್ರತಾ ಸಮಿತಿ ಭೂಹಿಡುವಳಿಯ ಬಗ್ಗೆ ಒಳ್ಳೆಯ ಮಾರ್ಗಸೂಚಿಗಳನ್ನು ಅಂಗೀಕರಿಸಿತು. ಕಾಗದವಿಲ್ಲದ ರೂಢಿಯ ಹಕ್ಕನ್ನೂ ಮನ್ನಿಸಬೇಕೆಂದು ಅವು ಹೇಳುತ್ತವೆ. ಆದರೆ ಅವು ಒಪ್ಪಿದವರು ಪಾಲಿಸಲಿ ಎನ್ನುವ ಸ್ವಯಂಪ್ರೇರಿತ ಮಾರ್ಗಸೂಚಿಗಳು ಮಾತ್ರ. ಒಬ್ಬನ ಹಕ್ಕು ಒಪ್ಪಂದದ ಬಲದಲ್ಲಿ, ಇನ್ನೊಬ್ಬನ ಹಕ್ಕು ಒಳ್ಳೆಯವರ ಮನಸ್ಸಿನಲ್ಲಿ. ಈ ಅಂತರವನ್ನು ಕಡಿಮೆ ಮಾಡುವುದು ನಿಮ್ಮ ತಲೆಮಾರಿನ ಕೆಲಸ.

ನೆಲದ ಮಾತೂ ವ್ಯಾಪಾರದ ಮಾತೂ ಬೇರೆಬೇರೆಯಲ್ಲ ಎಂಬುದಕ್ಕೆ ಮೆಕ್ಸಿಕೊ ಸಾಕ್ಷಿ. ಅಲ್ಲಿನ ಕ್ರಾಂತಿಯಿಂದ ಹುಟ್ಟಿದ 1917ರ ಸಂವಿಧಾನದ 27ನೇ ವಿಧಿಯ ಬಲದಿಂದ ಹಳ್ಳಿ ಸಮುದಾಯಗಳಿಗೆ ಎಹಿದೊ ಎಂಬ ಸಾಮೂಹಿಕ ಜಮೀನು ಸಿಕ್ಕಿತ್ತು. ಅದನ್ನು ಮಾರುವಂತಿರಲಿಲ್ಲ. ಅಮೆರಿಕ, ಕೆನಡಾಗಳ ಜೊತೆ ನಾಫ್ಟಾ ಒಪ್ಪಂದಕ್ಕೆ ಸಿದ್ಧವಾಗುತ್ತಿದ್ದ ಸರ್ಕಾರ 1992ರಲ್ಲಿ ಆ ವಿಧಿಗೆ ತಿದ್ದುಪಡಿ ತಂದು ಮಾರಾಟಕ್ಕೆ ದಾರಿ ಮಾಡಿತು. 1994ರ ಜನವರಿ 1ರಂದು ಒಪ್ಪಂದ ಜಾರಿಯಾಯಿತು. ಅದೇ ದಿನ ಚಿಯಾಪಾಸ್‌ನ ಮೂಲನಿವಾಸಿ ರೈತರು ಝಪಾಟಿಸ್ಟರ ಬಾವುಟದಡಿ ದಂಗೆಯೆದ್ದರು. ಮುಂದೆ ಉತ್ತರದ ನೀರಾವರಿ ಸೀಮೆಯ ದೊಡ್ಡ ಹಿಡುವಳಿದಾರರು ಟೊಮೆಟೊ, ತರಕಾರಿ, ಹಣ್ಣು ರಫ್ತು ಮಾಡಿ ಬೆಳೆದರು. ದಕ್ಷಿಣದಲ್ಲಿ ಮಳೆ ನಂಬಿ ಮೆಕ್ಕೆಜೋಳ ಬೆಳೆಯುತ್ತಿದ್ದವನು ತನ್ನ ಸರ್ಕಾರದ ಸಬ್ಸಿಡಿ ಪಡೆದ ಅಮೆರಿಕದ ರೈತನ ಎದುರು ನಿಲ್ಲಬೇಕಾಯಿತು. ಲಕ್ಷಾಂತರ ಜನ ಹೊಲ ಬಿಟ್ಟು ನಗರಕ್ಕೆ, ಗಡಿಯಾಚೆಗೆ ಹೋದರು. ಕಾಳು ಅಗ್ಗವಾದರೆ ಉಣ್ಣುವವನಿಗಾದರೂ ಲಾಭವಾಗಬೇಕಿತ್ತಲ್ಲ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಹಿಟ್ಟಿನ ವ್ಯಾಪಾರ ಕೆಲವೇ ದೊಡ್ಡ ಕಂಪನಿಗಳ ಕೈಯಲ್ಲಿತ್ತು, ರೊಟ್ಟಿಗೆ ಸರ್ಕಾರ ಕೊಡುತ್ತಿದ್ದ ನೆರವು ನಿಂತಿತ್ತು. 2007ರಲ್ಲಿ ಮೆಕ್ಸಿಕೊ ನಗರದ ಜನ ಟೋರ್ಟಿಯಾ ರೊಟ್ಟಿಯ ಬೆಲೆ ಏರಿತೆಂದು ಬೀದಿಗಿಳಿದರು.

ಇನ್ನು ನಮ್ಮ ಮಲೆನಾಡು, ಕೊಡಗಿಗೆ ಬರೋಣ. ಕಾಳುಮೆಣಸಿನ ಸಾಮಾನ್ಯ ಆಮದು ಸುಂಕ ಶೇ 70. ಆದರೆ 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದರ ಮೇಲಿನದ್ದಕ್ಕೆ ದಕ್ಷಿಣ ಏಷ್ಯಾ ದೇಶಗಳ ಒಪ್ಪಂದದಂತೆ ಶೇ 8 ಸುಂಕ. ನೆರೆಯ ದೇಶದ ಸಣ್ಣ ಬೆಳೆಗಾರರಿಗೆ ಅನುಕೂಲವಾಗಲಿ ಎಂಬ ಆಶಯದಲ್ಲಿ ತಪ್ಪೇನಿಲ್ಲ. ಆದರೆ ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ರಫ್ತು ಮಾಡುವುದು ವಿಯೆಟ್ನಾಂ. ಅಲ್ಲಿಂದ ನೇರವಾಗಿ ಬಂದರೆ ಸುಂಕ ಬಹಳ ಹೆಚ್ಚು. ಆದ್ದರಿಂದ ಅಲ್ಲಿನ ಅಗ್ಗದ ಮೆಣಸು ಕೊಲಂಬೊದಲ್ಲಿ ಇಳಿದು, ಶ್ರೀಲಂಕಾದ್ದು ಎಂಬ ಮೂಲ ಪ್ರಮಾಣಪತ್ರ ಹೊತ್ತು ಇಲ್ಲಿಗೆ ಬರುತ್ತಿದೆ ಎಂದು ಬೆಳೆಗಾರರ ಸಂಘಟನೆಗಳು ವರ್ಷಗಟ್ಟಲೆ ಕೂಗಿದವು. 2016ರ ಸುಮಾರಿಗೆ ಕಿಲೋಗೆ 600 ರೂಪಾಯಿ ದಾಟಿದ್ದ ಧಾರಣೆ ಎರಡು ಮೂರು ವರ್ಷದೊಳಗೆ 400ರ ಕೆಳಗಿಳಿಯಿತು. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಮಾಡಿತು. ಅದಕ್ಕೂ ಅಡ್ಡದಾರಿ ಹುಡುಕಿದವರಿದ್ದರು.

ಈ ವ್ಯವಹಾರದಲ್ಲಿ ಯಾರಿಗೆ ಲಾಭವಾಯಿತು, ನಿಧಾನವಾಗಿ ಯೋಚಿಸಿ. ಸೊರಗು ರೋಗದಿಂದ ಬಳ್ಳಿ ಉಳಿಸಿಕೊಳ್ಳಲು ಹೆಣಗುವ ನಮ್ಮ ಬೆಳೆಗಾರನಿಗಲ್ಲ. ಯಾವ ರೈತನ ಹೆಸರಿನಲ್ಲಿ ರಿಯಾಯಿತಿ ಸಿಕ್ಕಿತೋ ಆ ಶ್ರೀಲಂಕಾದ ರೈತನಿಗೂ ಅಲ್ಲ, ಹಾದುಹೋದ ಮೆಣಸು ಅವನದಲ್ಲ. ಧಾರಣೆ ಚೆನ್ನಾಗಿದ್ದಾಗ ಸಾಲ ಮಾಡಿ ಬಳ್ಳಿ ನೆಟ್ಟ ವಿಯೆಟ್ನಾಮಿನ ಬೆಟ್ಟಸೀಮೆಯ ರೈತನಿಗೂ ಅಲ್ಲ. ಜಗತ್ತಿನ ಬೆಲೆ ಬಿದ್ದಾಗ ಅವನೂ ಸಾಲಗಾರನಾದ. ಉಳಿದವರು ಬಂದರಿನಿಂದ ಬಂದರಿಗೆ ಸರಕು ತಿರುಗಿಸಿದವರು. ಅವರಿಗೆ ಮೆಣಸಾದರೇನು, ಗೋಡಂಬಿಯಾದರೇನು, ಇಂದು ಈ ಸರಕು, ನಾಳೆ ಆ ಸರಕು. ಬಳ್ಳಿಗೆ ಹಾಗಾಗುವುದಿಲ್ಲ. ನೆಟ್ಟು ಮೂರು ನಾಲ್ಕು ವರ್ಷ ಕಾದ ಮೇಲೆ ಫಲ. ಧಾರಣೆ ಬಿತ್ತೆಂದು ಮರದಿಂದ ಇಳಿಸಿ ಬೇರೆ ಬೆಳೆ ಏರಿಸಲು ಬರುವುದಿಲ್ಲ. ಆದ್ದರಿಂದ ವಿಯೆಟ್ನಾಮಿನ ರೈತನನ್ನೋ ಶ್ರೀಲಂಕಾದ ರೈತನನ್ನೋ ಶತ್ರುವೆಂದು ಎಣಿಸಬೇಡಿ. ಮೂವರೂ ಎದ್ದು ಹೋಗಲಾರದ ಪಂಕ್ತಿಯವರು.

ಬೆಳೆಗಾರನಿಗೆ ಪೆಟ್ಟು ಬೀಳಲು ಒಪ್ಪಂದವೇ ಬೇಕೆಂದಿಲ್ಲ, ಬಜೆಟ್ಟಿನ ಒಂದು ಸಾಲೂ ಸಾಕು. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಚೀನಾದ ರೇಷ್ಮೆ ಅಗ್ಗವಾಯಿತು, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ನೆಲ ಕಚ್ಚಿತು, ಬೆಳೆಗಾರರು ಬೀದಿಗೆ ಬಂದರು. 2013ರಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಬೇಕಾಯಿತು. ಇಲ್ಲಿಯೂ ಇನ್ನೊಂದು ಮಗ್ಗುಲನ್ನು ನೋಡಿ. ದೊಡ್ಡಬಳ್ಳಾಪುರದ ನೇಕಾರನಿಗೆ ನೂಲು ಅಗ್ಗವಾಗುವುದು ಬೇಕಾಗಿತ್ತು, ಅವನೂ ಬಡವನೇ. ಗೂಡು ಬೆಳೆಯುವವನ ಹಿತವೂ ನೇಯುವವನ ಹಿತವೂ ಒಂದಕ್ಕೊಂದು ಎದುರಾಗುವ ಹೊತ್ತು ಬರುತ್ತದೆ. ಆಗ ಇಬ್ಬರಲ್ಲೊಬ್ಬನ ಹೆಸರು ಹೇಳಿ ಇನ್ನೊಬ್ಬನನ್ನು ಮರೆಯುವವರ ಮಾತು ಕೇಳಬೇಡಿ. ಸುಂಕ ಇಳಿಸುವುದೇ ಆದರೆ ಇಷ್ಟಿಷ್ಟಾಗಿ ಇಳಿಸಬಹುದು, ಬೆಳೆಗಾರನಿಗೆ ಬೆಲೆಯ ಆಸರೆ ಕೊಟ್ಟು ಇಳಿಸಬಹುದು. ಹಿಪ್ಪುನೇರಳೆ ನೆಟ್ಟವನಿಗೆ ಸಾವರಿಸಿಕೊಳ್ಳಲು ಕಾಲ ಬೇಕು.

ಅಡುಗೆ ಎಣ್ಣೆಯ ವಿಷಯದಲ್ಲಿ ಉಣ್ಣುವವನಿಗೆ ಲಾಭವಾದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಮಲೇಷ್ಯಾ, ಇಂಡೊನೇಷ್ಯಾದ ತಾಳೆ ಎಣ್ಣೆ ಬಡವರ ಬಾಣಲೆಗೂ ಎಣ್ಣೆ ತಂದಿತು. 1994ರ ನಂತರ ಆಮದು ಸಡಿಲವಾಗಿ, ಸುಂಕವೂ ಹಲವು ಬಾರಿ ಇಳಿದು, 2010ರಿಂದ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದವೂ ಜಾರಿಯಾಗಿ, ಈಗ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಅಗ್ಗದ ಎಣ್ಣೆಯ ಎದುರು ಬೆಲೆ ಸಿಗದೆ ಒಣಬೇಸಾಯದ ಎಣ್ಣೆಕಾಳು ಬೆಳೆಗಾರ ಹಿಂದೆ ಸರಿದ. ಸೂರ್ಯಕಾಂತಿಯಲ್ಲಿ ದೇಶಕ್ಕೇ ಮುಂದಿದ್ದ ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಆ ಬೆಳೆ ಸೊರಗಿತು. 2022ರ ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ತನ್ನ ಜನರಿಗೆ ಎಣ್ಣೆ ಸಾಲದೆಂದು ರಫ್ತು ನಿಲ್ಲಿಸಿದಾಗ ಇಲ್ಲಿ ಅಂಗಡಿಯ ಬೆಲೆ ಹೆದರಿಸಿತು. ಅಲ್ಲಿ ಸಣ್ಣ ರೈತರು ತಾಳೆಗೊನೆ ಕೊಳ್ಳುವವರಿಲ್ಲದೆ ಜಕಾರ್ತದಲ್ಲಿ ಪ್ರತಿಭಟಿಸಿದರು. ಅಗ್ಗದ ಬೆಲೆಗೆ ನಮ್ಮ ಹೊಲದ ಬಿತ್ತನೆಯನ್ನೇ ಬಿಟ್ಟುಕೊಟ್ಟರೆ, ಕೊಡುವವನು ಕೈ ಹಿಂದೆಗೆದ ದಿನ ನಮ್ಮ ಬಳಿ ಬೇರೆ ದಾರಿ ಇರುವುದಿಲ್ಲ.

ಹಾಗಾದರೆ ಹೊರಗಿನ ಮಾರುಕಟ್ಟೆಯೇ ಕೆಟ್ಟದ್ದೇ? ಅಲ್ಲ. ನಮ್ಮ ಕಾಫಿಯ ಬಹುಪಾಲು ಹೊರದೇಶಕ್ಕೇ ಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾದ ಗರ್ಕಿನ್ ಮಿಡಿಸೌತೆಯ ಬೇಸಾಯವನ್ನು ನೋಡಿ. ನಮ್ಮ ಊಟದಲ್ಲಿಲ್ಲದ ಕಾಯಿ ಅದು, ಬೆಳೆಯುವುದೆಲ್ಲ ರಫ್ತಿಗೇ. ಕರ್ನಾಟಕ, ತಮಿಳುನಾಡು, ಆಂಧ್ರ, ತೆಲಂಗಾಣಗಳಲ್ಲಿ ಸುಮಾರು 90,000 ಸಣ್ಣ, ಅತಿಸಣ್ಣ ರೈತರು ಕಂಪನಿಗಳ ಜೊತೆ ಕರಾರು ಮಾಡಿಕೊಂಡು ಬೆಳೆಯುತ್ತಾರೆ. ಬೀಜ, ಗೊಬ್ಬರ ಕಂಪನಿ ಕೊಡುತ್ತದೆ, ಬಿತ್ತುವ ಮೊದಲೇ ಬೆಲೆ ಹೇಳುತ್ತದೆ, ಮೂರು ತಿಂಗಳಲ್ಲಿ ಬೆಳೆ ಮುಗಿಯುತ್ತದೆ. ಇಲ್ಲಿ ಮುಖ್ಯವಾದ ಮಾತೆಂದರೆ ನೆಲ ರೈತನ ಹೆಸರಿನಲ್ಲೇ ಉಳಿಯುತ್ತದೆ, ಕರಾರು ಸರಿಬರದಿದ್ದರೆ ಮುಂದಿನ ಹಂಗಾಮಿಗೆ ಅವನು ರಾಗಿಯನ್ನೋ ಟೊಮೆಟೊವನ್ನೋ ಹಾಕಬಹುದು. ಕಾಯಿ ಸಣ್ಣದು ದೊಡ್ಡದು ಎಂದು ದರ್ಜೆ ಕಡಿಮೆ ಮಾಡುವ ಜಗಳ ಇಲ್ಲದಿಲ್ಲ. ಆದರೆ ಬಿಟ್ಟು ಹೋಗುವ ಸ್ವಾತಂತ್ರ್ಯ ಎರಡೂ ಕಡೆಗಿದೆ. ಎಲ್ಲಿ ಆ ಸ್ವಾತಂತ್ರ್ಯ ಇಬ್ಬರಿಗೂ ಇದೆಯೋ ಅಲ್ಲಿ ವ್ಯಾಪಾರ ಇಬ್ಬರಿಗೂ ಒಳಿತು ಮಾಡುತ್ತದೆ.

ಎದ್ದು ಹೋಗಲಾರದವರಿಗೆ ಉಳಿದಿರುವ ಬಲ ಸಂಘಟನೆಯದು. 2019ರಲ್ಲಿ ಚೀನಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಸೇರಿದ್ದ ಆರ್‌ಸಿಇಪಿ ಎಂಬ ಪ್ರಾದೇಶಿಕ ವ್ಯಾಪಾರ ಒಪ್ಪಂದಕ್ಕೆ ಭಾರತ ಸೇರುವ ಮಾತು ನಡೆದಿತ್ತು. ತಾನು ಕರೆಯುವ ಹಾಲಿನ ಬಹುಪಾಲನ್ನು ರಫ್ತು ಮಾಡುವ ನ್ಯೂಜಿಲೆಂಡಿನ ಹಾಲಿನ ಪುಡಿ ಸುಂಕವಿಲ್ಲದೆ ಬಂದರೆ, ಎರಡು ಹಸು ಕಟ್ಟಿ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ಸಂಸಾರ ನಡೆಸುವ ಹೆಂಗಸರ ಗತಿ ಏನು ಎಂಬ ಪ್ರಶ್ನೆ ಎದ್ದಿತು. ಹಾಲು ಒಕ್ಕೂಟಗಳು, ರೈತ ಸಂಘಟನೆಗಳು ಒಟ್ಟಾಗಿ ವಿರೋಧಿಸಿದವು. ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹೊರಗುಳಿಯುವ ತೀರ್ಮಾನ ಪ್ರಕಟಿಸಿತು. 2025ರ ಬ್ರಿಟನ್ ಒಪ್ಪಂದದಲ್ಲೂ ಹಾಲಿನ ಉತ್ಪನ್ನಗಳನ್ನು ಹೊರಗಿಡಲಾಗಿದೆ. ಮೆಣಸು, ಗೂಡು, ಸೂರ್ಯಕಾಂತಿ ಬೆಳೆಗಾರರಿಗೆ ಸಿಗದ ರಕ್ಷಣೆ ಹಾಲಿಗೆ ಸಿಕ್ಕಿದ್ದೇಕೆ? ಹಳ್ಳಿಹಳ್ಳಿಯಲ್ಲೂ ಸಂಘವಿರುವುದರಿಂದ, ಆ ಸಂಘಗಳ ಮಾತು ದೆಹಲಿಯವರೆಗೆ ಮುಟ್ಟುವುದರಿಂದ.

ಬೀಜದ ಕಥೆಯೂ ಹೀಗೆಯೇ. ಜಾಗತಿಕ ವ್ಯಾಪಾರ ಮಾತುಕತೆಯಲ್ಲಿ ಡಂಕಲ್ ಪ್ರಸ್ತಾವ ಬಂದ ಕಾಲದಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಬೀಜದ ಹಕ್ಕಿಗಾಗಿ ಬೀದಿಗಿಳಿದಾಗ ಕಾಲಕ್ಕೆ ತಕ್ಕದ್ದಲ್ಲವೆಂದು ಆಡಿಕೊಂಡವರಿದ್ದರು. ಅವರ ಎಲ್ಲ ಮಾರ್ಗಗಳನ್ನು ಒಪ್ಪಬೇಕಾಗಿಲ್ಲ. ಆದರೆ ದೇಶದುದ್ದಕ್ಕೂ ಎದ್ದ ಅಂಥ ದನಿಗಳ ಫಲವಾಗಿಯೇ 2001ರಲ್ಲಿ ಬಂದ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ರಕ್ಷಣೆ ಕಾಯ್ದೆಯಲ್ಲಿ, ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕು ರೈತನಿಗೆ ದಕ್ಕಿತು. ಈ ಹಕ್ಕನ್ನು ಕುಗ್ಗಿಸುವ, ತಳಿ ರೂಪಿಸಿದವರ ಹಕ್ಕು ಕಾಯುವ ಯುಪಿಒವಿ ಎಂಬ ಅಂತರರಾಷ್ಟ್ರೀಯ ಒಪ್ಪಂದದ 1991ರ ನಿಯಮಗಳನ್ನು ಒಪ್ಪಿಸಲು ಶ್ರೀಮಂತ ದೇಶಗಳು ವ್ಯಾಪಾರ ಮಾತುಕತೆಗಳಲ್ಲಿ ಪ್ರಯತ್ನಿಸುತ್ತಲೇ ಬಂದಿವೆ. ಸುಂಕದ ಸುದ್ದಿಯಲ್ಲಿ ಮುಳುಗಿ ಈ ಪುಟವನ್ನು ಓದದೆ ಬಿಡಬೇಡಿ.

ಜಮೀನು ನಿಮ್ಮ ಹೆಸರಿಗೆ ಬರಲಿರುವ ಮಕ್ಕಳಿಗೆ ಒಂದು ಮಾತು. ಭಾರತದಲ್ಲಿ ವಿದೇಶಿಯರು ಕೃಷಿಭೂಮಿ ಕೊಳ್ಳುವಂತಿಲ್ಲ. ಆ ಬೇಲಿ ಇದ್ದರೂ ಒಳಗಿನ ಬಾಗಿಲುಗಳು ಬದಲಾಗಿವೆ. ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ ರಾಜ್ಯ ನಮ್ಮದು. ಅದೇ ಭೂಸುಧಾರಣಾ ಕಾಯ್ದೆಯಿಂದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಇಲ್ಲಿ ಕೃಷಿಭೂಮಿ ಕೊಳ್ಳಬಹುದು. ಮಾರುವ ಹಕ್ಕು ನಿಮ್ಮದು, ನಾನು ತಡೆಯುವುದಿಲ್ಲ. ಆದರೆ ಸಾಲದ ಒತ್ತಡದಲ್ಲಿರುವಾಗ, ಮನೆಯ ಹೆಣ್ಣುಮಕ್ಕಳನ್ನು ಕೇಳದೆ, ಕಾಗದ ಓದದೆ ಸಹಿ ಹಾಕಬೇಡಿ. ಬೇಸಾಯದ ಕರಾರು ಮಾಡಿಕೊಳ್ಳುವುದಾದರೆ ಅವಧಿ ಚಿಕ್ಕದಿರಲಿ, ಕೊಳವೆಬಾವಿಯ ನೀರಿನ ಲೆಕ್ಕ ಕರಾರಿನಲ್ಲಿರಲಿ, ಕರಾರು ಕನ್ನಡದಲ್ಲಿರಲಿ.

ವ್ಯಾಪಾರ, ಬ್ಯಾಂಕು, ಸರ್ಕಾರಿ ಕಚೇರಿಗೆ ಸೇರುವವರಿಗೆ ಇನ್ನೊಂದು. ಒಪ್ಪಂದಗಳು ಸಾವಿರಾರು ಪುಟಗಳ ಇಂಗ್ಲಿಷ್ ಕಡತಗಳು. ನಿಜವಾದ ಸಂಗತಿ ಇರುವುದು ಮುನ್ನುಡಿಯಲ್ಲಲ್ಲ, ಯಾವ ಸರಕಿಗೆ ಯಾವ ವರ್ಷ ಎಷ್ಟು ಸುಂಕ ಎಂಬ ಅನುಬಂಧದ ಪಟ್ಟಿಯಲ್ಲಿ, ಸರಕಿನ ಮೂಲ ಯಾವುದೆಂದು ತೀರ್ಮಾನಿಸುವ ನಿಯಮಗಳಲ್ಲಿ. ನಿಮ್ಮ ಊರಿನ ಬೆಳೆ ಆ ಪಟ್ಟಿಯಲ್ಲಿ ಎಲ್ಲಿದೆ ಎಂದು ಹುಡುಕಿ. ಅದನ್ನು ಕನ್ನಡದಲ್ಲಿ ಎರಡು ಪುಟ ಬರೆದು ಸೊಸೈಟಿಯ ಮಹಾಸಭೆಯಲ್ಲಿ, ಗ್ರಾಮಸಭೆಯಲ್ಲಿ ಓದಿ ಹೇಳಿ. ನಿಮ್ಮ ಓದಿಗೆ ಊರು ಕೊಟ್ಟದ್ದನ್ನು ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಹೇಳುವಾಗ ನಾಲ್ಕು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳಿ. ಈ ನೆಲವನ್ನು, ಈ ಬೆಳೆಯನ್ನು ಈಗ ನಂಬಿಕೊಂಡವರು ಯಾರು? ಅವರನ್ನು ಕೇಳಿದ್ದಾರೆಯೇ? ಬೆಲೆ ಬಿದ್ದರೆ, ಮಳೆ ಕೈಕೊಟ್ಟರೆ ನಷ್ಟ ಯಾರ ಲೆಕ್ಕಕ್ಕೆ? ಒಪ್ಪಂದ ಮುರಿದರೆ ನ್ಯಾಯ ಕೇಳಲು ಅವರಿಗೆ ಬಾಗಿಲೆಲ್ಲಿದೆ? ಈ ನಾಲ್ಕಕ್ಕೂ ತೃಪ್ತಿಯ ಉತ್ತರ ಸಿಕ್ಕಿದರೆ ಒಪ್ಪಂದವನ್ನು ಬೆಂಬಲಿಸಿ, ಅಂಜಬೇಡಿ. ಒಂದಕ್ಕಾದರೂ ಸಿಗದಿದ್ದರೆ, ಸಹಿ ಹಾಕುವವರು ನಮ್ಮವರೇ ಆಗಿರಲಿ, ಜಮೀನು ಆಫ್ರಿಕಾದ್ದೇ ಆಗಿರಲಿ, ಎದ್ದು ನಿಂತು ಬೇಡವೆನ್ನಿ. ಹಾಗೆನ್ನುವ ವಿದ್ಯೆಯೂ ಧೈರ್ಯವೂ ನಿಮಗಿದೆ ಎಂದು ನಂಬಿಯೇ ಇಷ್ಟನ್ನು ಹೇಳಿದ್ದೇನೆ.